ಅರ್ಧಬಲದ ಪಾಠ: ರಸ್ತೆ ಓಟಕ್ಕೆ ಸಿದ್ಧರಾಗುವ ಬಗೆ

ಈಚಿನ ವರ್ಷಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೊಸ ಬಗೆಯ ಪ್ರಶ್ನೆಯೊಂದು ಕೇಳಿಬರುತ್ತಿದೆ. "ಊರಲ್ಲಿ ಹತ್ತು ಕಿಲೋಮೀಟರ್ ಓಟ ಇಟ್ಟಾರ್ರಿ, ನಾನೂ ಹೆಸರು ಕೊಡಲೇನು?" ಹೀಗೆ ಕೇಳುವವರು ಕಾಲೇಜಿನ ಹುಡುಗರಷ್ಟೇ ಅಲ್ಲ. ಐವತ್ತು ದಾಟಿದ ಅಂಗಡಿಕಾರರು, ಬ್ಯಾಂಕಿನಿಂದ ನಿವೃತ್ತರಾದವರು, ಮೊಮ್ಮಕ್ಕಳನ್ನು ಕಂಡ ತಾಯಂದಿರು ಕೂಡ ಕೇಳುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ವಿಶ್ವ ಹತ್ತು ಕಿಲೋಮೀಟರ್ ಓಟವನ್ನು ದೂರದರ್ಶನದಲ್ಲಿ ಕಂಡವರಿಗೆ, ನಮ್ಮ ಧಾರವಾಡ, ಹುಬ್ಬಳ್ಳಿಯಂತಹ ಊರುಗಳ ರಸ್ತೆಗಳಲ್ಲಿಯೂ ಅಂತಹ ಓಟಗಳು ನಡೆಯತೊಡಗಿದಾಗ ಉತ್ಸಾಹ ಮೂಡುವುದು ಸಹಜ. ಆ ಉತ್ಸಾಹವನ್ನು ನಾವು ತಣ್ಣಗಾಗಿಸುವುದಿಲ್ಲ. ಆದರೆ ಅದಕ್ಕೊಂದು ಕ್ರಮವುಂಟು. ಆ ಕ್ರಮವನ್ನು ಗ್ರಂಥದಿಂದ ಅರಿತದ್ದು ಅರ್ಧ; ನಾವೇ ಓಡಿ, ತಪ್ಪಿ, ನೊಂದು ಕಲಿತದ್ದು ಇನ್ನರ್ಧ. ಎರಡನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ವೈದ್ಯನಿಗೇ ಬಂದ ರೋಗ

ನಮ್ಮ 58ನೆಯ ವಯಸ್ಸಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ 6.3 ಎಂದು ಬಂದಿತು. 6.5 ಮುಟ್ಟಿದರೆ ಮಧುಮೇಹವೆಂದೇ ಲೆಕ್ಕ. ದಿನಕ್ಕೆ ಹತ್ತು ಮಂದಿಗೆ "ನಡೆಯಿರಿ" ಎಂದು ಉಪದೇಶಿಸುತ್ತಿದ್ದ ನಾವು ಕುರ್ಚಿ ಬಿಟ್ಟು ಎದ್ದವರಲ್ಲ. ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ ಆದ ನಾಚಿಕೆ ಇಂದಿಗೂ ನೆನಪಿದೆ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಕ್ಕೆ ಹೇಳಿದ ಒಂದು ಉಪಾಯವಿದೆ. ಧನವಿಲ್ಲದ, ಬಂಧುಗಳಿಲ್ಲದ ಪ್ರಮೇಹಿಯು ಪಾದರಕ್ಷೆ ಮತ್ತು ಕೊಡೆಗಳಿಲ್ಲದೆ, ಭಿಕ್ಷಾನ್ನದಿಂದ ಬಾಳುತ್ತ, ಒಂದು ಗ್ರಾಮದಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕು ಎಂಬುದು ಅದರ ತಾತ್ಪರ್ಯ. ಸಾವಿರಾರು ವರ್ಷಗಳ ಹಿಂದೆಯೇ ನಡಿಗೆಯನ್ನು ಔಷಧವಾಗಿ ಬರೆದುಕೊಟ್ಟ ಮಾತಿದು. ಅದನ್ನು ವಿದ್ಯಾರ್ಥಿದೆಸೆಯಲ್ಲಿ ಕಂಠಪಾಠ ಮಾಡಿದ್ದ ನಾವು, ಆಚರಿಸಲು ಹೊರಟದ್ದು ಆ ಅಕ್ಟೋಬರಿನಲ್ಲಿ.

ಅರ್ಧಬಲವೆಂದರೇನು?

ಆಯುರ್ವೇದವು ವ್ಯಾಯಾಮವನ್ನು ಹೊಗಳುತ್ತದೆ. ಶರೀರಕ್ಕೆ ಲಘುತ್ವ, ಕೆಲಸಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ ಇವು ಅದರ ಫಲಗಳೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಆದರೆ ಅದೇ ಅಧ್ಯಾಯದಲ್ಲಿ ಎಚ್ಚರಿಕೆಯೂ ಇದೆ. ಬಲಶಾಲಿಗಳು, ಸ್ನಿಗ್ಧಾಹಾರ ಸೇವಿಸುವವರು ಕೂಡ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಅದೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿ. ಮಿತಿಮೀರಿದವನು ಆನೆಯನ್ನು ಎಳೆಯಹೊರಟ ಸಿಂಹದಂತೆ ನಾಶ ಹೊಂದುತ್ತಾನೆ ಎಂಬ ಉಪಮೆಯನ್ನೂ ಕೊಟ್ಟಿದ್ದಾರೆ.

ಶಕ್ತಿಯ ಅರ್ಧವನ್ನು ಅಳೆಯುವುದು ಹೇಗೆ? ಸುಶ್ರುತರು ಕೊಟ್ಟ ಲಕ್ಷಣ ಬಹು ಸರಳ. ವ್ಯಾಯಾಮ ಮಾಡುತ್ತಿರುವಾಗ ಹೃದಯಸ್ಥಾನದ ವಾಯುವು ಬಾಯಿಗೆ ಬಂದರೆ, ಅಂದರೆ ಬಾಯಿ ತೆರೆದು ಉಸಿರಾಡಬೇಕಾಗಿ ಬಂದರೆ, ಅದೇ ಅರ್ಧಬಲ. ಇಂದಿನ ಓಟದ ತರಬೇತುದಾರರು "ಓಡುತ್ತಲೇ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗಬೇಕು" ಎನ್ನುತ್ತಾರೆ. ಎರಡೂ ಹೆಚ್ಚು ಕಡಿಮೆ ಒಂದೇ ಮಾತು. ಉಸಿರೇ ಅಳತೆಗೋಲು, ದುಬಾರಿ ಕೈಗಡಿಯಾರ ಬೇಕಿಲ್ಲ.

ಇನ್ನು ವಯಸ್ಸಿನ ಪ್ರಶ್ನೆ. ವಾತಪಿತ್ತ ರೋಗಿಗಳು, ಬಾಲಕರು, ವೃದ್ಧರು, ಅಜೀರ್ಣವುಳ್ಳವರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರು ಬರೆದಿರುವುದನ್ನು ಮುಚ್ಚಿಡುವುದು ಸರಿಯಲ್ಲ. ವೃದ್ಧರೆಂದರೆ ಯಾರು? ಚರಕರ ಪ್ರಕಾರ 60ರ ಬಳಿಕ ಜೀರ್ಣಾವಸ್ಥೆ. ಸುಶ್ರುತರ ಪ್ರಕಾರ 70ರ ಬಳಿಕ. ಆಚಾರ್ಯರಲ್ಲಿಯೇ ಹತ್ತು ವರ್ಷಗಳ ಅಂತರವಿದೆ. ಹುಟ್ಟಿದ ವರ್ಷಕ್ಕಿಂತ ಧಾತುಗಳ ಬಲವನ್ನು ನೋಡಿ ನಿರ್ಣಯಿಸಬೇಕೆಂದೇ ನಾವು ಇದನ್ನು ಅರ್ಥೈಸುತ್ತೇವೆ. ಇಂದಿನ ವೈದ್ಯಶಾಸ್ತ್ರವೂ ಹಿರಿಯರಿಗೆ ಮಿತವಾದ ವ್ಯಾಯಾಮ ಅಗತ್ಯವೆಂದೇ ಹೇಳುತ್ತದೆ. ಆದುದರಿಂದ ಆ ನಿಷೇಧವನ್ನು "ಏಳಬೇಡಿ" ಎಂದು ಓದದೆ "ಪರೀಕ್ಷಿಸದೆ ಹೊರಡಬೇಡಿ" ಎಂದು ಓದಿಕೊಳ್ಳುವುದು ಲೇಸು.

ಅಭ್ಯಾಸದ ಕ್ರಮ

ನಾವು ಪ್ರಾರಂಭಿಸಿದ್ದು ವಿಶ್ವವಿದ್ಯಾಲಯದ ಆವರಣದ ರಸ್ತೆಗಳಲ್ಲಿ, ಬೆಳಗಿನ ಐದೂವರೆಗೆ. ಮೊದಲ ತಿಂಗಳು ಕೇವಲ ನಡಿಗೆ. ಎರಡನೆಯ ತಿಂಗಳು ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಹೀಗೆ ಆರು ಆವರ್ತನ. ಮುಂದೆ ಓಟದ ನಿಮಿಷಗಳನ್ನು ಹೆಚ್ಚಿಸುತ್ತ, ನಡಿಗೆಯ ನಿಮಿಷಗಳನ್ನು ಕಡಿಮೆ ಮಾಡುತ್ತ ಬಂದೆವು. ವಾರದಲ್ಲಿ ಓಟ ನಾಲ್ಕು ದಿನ, ವಿಶ್ರಾಂತಿ ಅಥವಾ ಸರಳ ಆಸನ ಮೂರು ದಿನ. ಒಂದು ವಾರದ ಒಟ್ಟು ದೂರವು ಹಿಂದಿನ ವಾರದ ದೂರಕ್ಕಿಂತ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಾಗಬಾರದೆಂಬುದು ಓಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಇದಕ್ಕೆ ಕಾರಣವುಂಟು. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುಬಂಧಗಳು ಮತ್ತು ಅಸ್ಥಿಗಳು ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಉಸಿರು "ಇನ್ನಷ್ಟು ಓಡು" ಎನ್ನುವಾಗ ಹಿಮ್ಮಡಿ "ಸಾಕು" ಎನ್ನುತ್ತಿರುತ್ತದೆ. ಹೊಸಬರ ಗಾಯಗಳೆಲ್ಲ ಬಹುಪಾಲು ಈ ಅಂತರದಲ್ಲಿಯೇ ಹುಟ್ಟುತ್ತವೆ.

ಮೊದಲ ಓಟ, ಮೊದಲ ಪೆಟ್ಟು

ಇಷ್ಟೆಲ್ಲ ತಿಳಿದ ನಾವು ಫೆಬ್ರವರಿಯ ಮೊದಲ ಸ್ಪರ್ಧೆಯಲ್ಲಿ ಮಾಡಿದ್ದೇನು? ಆರೂವರೆಗೆ ಆರಂಭವಾಗಬೇಕಿದ್ದ ಓಟವು ದೀಪ ಬೆಳಗುವಿಕೆ, ಸನ್ಮಾನ, ಭಾಷಣಗಳೆಲ್ಲ ಮುಗಿದು ಆರಂಭವಾದದ್ದು ಏಳೂಕಾಲಿಗೆ. ಎದೆಯ ಮೇಲೆ ಸಂಖ್ಯೆಯ ಚೀಟಿ, ಸುತ್ತ ನೂರಾರು ತರುಣರು, ಧ್ವನಿವರ್ಧಕದ ಅಬ್ಬರ. ಉತ್ಸಾಹದಲ್ಲಿ ಮೊದಲ ಮೂರು ಕಿಲೋಮೀಟರನ್ನು 20 ನಿಮಿಷದಲ್ಲಿ ಓಡಿಬಿಟ್ಟೆವು. ಅಭ್ಯಾಸದಲ್ಲಿ ಅದಕ್ಕೆ 25 ನಿಮಿಷ ಬೇಕಾಗುತ್ತಿತ್ತು. ನಾಲ್ಕನೆಯ ಕಿಲೋಮೀಟರಿನ ಏರಿನಲ್ಲಿ ಕಾಲು ಸೀಸದಂತಾಯಿತು. ಆರನೆಯ ಕಿಲೋಮೀಟರಿನ ನೀರಿನ ಮೇಜಿನ ಬಳಿ ಹೋದಾಗ ಖಾಲಿ ಲೋಟಗಳು ಮಾತ್ರ ಉರುಳಾಡುತ್ತಿದ್ದವು. ಉಳಿದ ದೂರವನ್ನು ನಡೆಯುತ್ತ, ಓಡುತ್ತ, ಒಟ್ಟು 86 ನಿಮಿಷಗಳಲ್ಲಿ ಮುಗಿಸಿದೆವು. ಅಂದು ವ್ಯವಸ್ಥಾಪಕರ ಮೇಲೆ ಕೋಪ ಬಂದದ್ದು ನಿಜ. ಆದರೆ ಬಿಸಿಲೇರಿದ್ದನ್ನು ಕಂಡೂ ವೇಗವನ್ನು ತಗ್ಗಿಸದಿದ್ದ ತಪ್ಪು ನಮ್ಮದೇ.

ಮರುವಾರದಿಂದ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಹ ನೋವು. ಇದನ್ನೇ ನಮ್ಮ ಶಾಸ್ತ್ರ ವಾತಕಂಟಕವೆನ್ನುತ್ತದೆ. ಓಟವನ್ನು ಎಂಟು ವಾರ ನಿಲ್ಲಿಸಿದೆವು. ರಾತ್ರಿ ಪಾದಕ್ಕೆ ಬೆಚ್ಚನೆಯ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಕಾವು, ಮೀನಖಂಡ ಮತ್ತು ಅಂಗಾಲುಗಳನ್ನು ಎಳೆದು ಸಡಿಲಗೊಳಿಸುವ ವ್ಯಾಯಾಮ, ಮನೆಯೊಳಗೂ ಮೆತ್ತನೆಯ ಪಾದರಕ್ಷೆ. ಇಷ್ಟರಿಂದಲೇ ಗುಣವಾಯಿತು, ಆದರೆ ನಿಧಾನವಾಗಿ. ಒಂದು ಮಾತು ನೆನಪಿರಲಿ: ಈಗಷ್ಟೇ ಉಳುಕಿ ಊದಿಕೊಂಡ ಕೀಲಿಗೆ ತಿಕ್ಕುವುದು, ಕಾಸುವುದು ಸಲ್ಲದು. ಮೊದಲೆರಡು ದಿನ ವಿಶ್ರಾಂತಿ ಮತ್ತು ತಂಪೇ ಹಿತ. ಓಟದ ಬೆಳಿಗ್ಗೆ ನೋವಿನ ಗುಳಿಗೆ ನುಂಗಿ ಹೊರಡುವ ಅಭ್ಯಾಸ ಕೆಲವರಲ್ಲಿದೆ. ಬೆವರು ಹರಿದು ದೇಹದ ನೀರು ಕಡಿಮೆಯಾದಾಗ ಅಂತಹ ಗುಳಿಗೆಗಳು ಮೂತ್ರಪಿಂಡಕ್ಕೆ ಅಪಾಯ ತರಬಲ್ಲವು.

ನಾವು ಮುಗಿಸದ ಓಟ

ಮರುವರ್ಷ ಜನವರಿಯಲ್ಲಿ ಮತ್ತೆ ಓಡಿದೆವು. ಜೊತೆಗೆ ನಮ್ಮ ಬೆಳಗಿನ ಸಂಗಾತಿ, ನಿವೃತ್ತ ಶಿಕ್ಷಕರೊಬ್ಬರು. ನಮಗಿಂತ ಎರಡು ವರ್ಷ ಹಿರಿಯರು, ತೆಳುವಾದ ಮೈಕಟ್ಟು, ಒಂದು ದುಶ್ಚಟವೂ ಇಲ್ಲ. ಏಳನೆಯ ಕಿಲೋಮೀಟರಿನಲ್ಲಿ ಅವರು ವೇಗ ತಗ್ಗಿಸಿ, "ಡಾಕ್ಟರ್ ಸಾಹೇಬ್ರ, ಎದಿ ಉರಿಯಾಕತ್ತೈತ್ರಿ. ರಾತ್ರಿ ಮಿರ್ಚಿ ಭಜಿ ತಿಂದಿದ್ದೆ, ಅದರದ್ದ ಇರಬೇಕು" ಎಂದರು.

ಇಲ್ಲಿ ಒಂದು ಸತ್ಯವನ್ನು ಒಪ್ಪಿಕೊಳ್ಳಲೇಬೇಕು. ಮೂರು ದಶಕಗಳಿಗೂ ಮಿಕ್ಕಿ ರೋಗಿಗಳ ನಾಡಿ ಹಿಡಿದ ನಮ್ಮ ಬಾಯಿಂದ ಬಂದ ಮೊದಲ ಮಾತೂ "ಅಮ್ಲಪಿತ್ತ ಇರಬೇಕ್ರಿ ಮಾಸ್ತರ" ಎಂಬುದೇ ಆಗಿತ್ತು. ನೂರು ಹೆಜ್ಜೆ ಹಾಗೆಯೇ ಸಾಗಿದೆವು. ಬಳಿಕ ಅವರ ಮುಖ ನೋಡಿದೆವು. ಹಣೆಯ ಬೆವರು ಓಟದ ಬೆವರಾಗಿರಲಿಲ್ಲ, ಮುಟ್ಟಿದರೆ ತಣ್ಣಗಿತ್ತು. ಕೆಳದವಡೆಯನ್ನು ಕೈಯಿಂದ ಒತ್ತಿಕೊಳ್ಳುತ್ತಿದ್ದರು. ಕೂಡಲೇ ರಸ್ತೆಯ ಬದಿಗೆ ಕೂರಿಸಿ, ಹಿಂದೆ ಬರುತ್ತಿದ್ದ ಆಂಬುಲೆನ್ಸನ್ನು ಕೈಬೀಸಿ ನಿಲ್ಲಿಸಿದೆವು. ಹೃದಯದ ಒಂದು ರಕ್ತನಾಳ ಬಹುಪಾಲು ಮುಚ್ಚಿಹೋಗಿತ್ತು. ಅಂದೇ ಸ್ಟೆಂಟ್ ಹಾಕಲಾಯಿತು. ಮಾಸ್ತರರು ಬದುಕಿದರು. ಇಂದು ಅವರು ಹೃದಯವೈದ್ಯರ ಅನುಮತಿ ಪಡೆದು ನಮ್ಮೊಡನೆ ನಡೆಯುತ್ತಾರೆ, ಓಡುವುದಿಲ್ಲ.

ಆ ನೂರು ಹೆಜ್ಜೆಗಳು ನಮ್ಮನ್ನು ಇಂದಿಗೂ ಕಾಡುತ್ತವೆ. ಆದುದರಿಂದ ಒತ್ತಿ ಹೇಳುತ್ತೇವೆ: ಶ್ರಮಪಡುವಾಗ ಎದೆಯಲ್ಲಿ ಭಾರ, ಹಿಂಡಿದಂತಾಗುವುದು ಅಥವಾ ಉರಿ, ದವಡೆಗೆ, ಭುಜಕ್ಕೆ ಇಲ್ಲವೆ ಎಡತೋಳಿಗೆ ಹರಡುವ ನೋವು, ತಣ್ಣನೆಯ ಬೆವರು, ಎಂದಿಗಿಂತ ಮೀರಿದ ಏದುಸಿರು, ಕಣ್ಣುಕತ್ತಲೆ ಇವುಗಳಲ್ಲಿ ಒಂದು ಕಂಡರೂ ಅದನ್ನು ಪಿತ್ತವೆಂದೋ ವಾಯುವೆಂದೋ ತೀರ್ಮಾನಿಸಿ ಮನೆಮದ್ದಿಗೆ ಕೈಹಾಕಕೂಡದು. ಅಲ್ಲಿಯೇ ನಿಂತು ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳಲ್ಲಿ ಈ ನೋವು ಬಹಳ ಮಂದವಾಗಿರಬಹುದು, ಇಲ್ಲದೆಯೂ ಇರಬಹುದು. ನಲವತ್ತು ದಾಟಿದವರು, ಸಕ್ಕರೆ ರೋಗ ಅಥವಾ ರಕ್ತದ ಒತ್ತಡವುಳ್ಳವರು, ಮನೆತನದಲ್ಲಿ ಹೃದ್ರೋಗವಿರುವವರು ಓಟಕ್ಕೆ ಹೆಸರು ಕೊಡುವ ಮೊದಲು ವೈದ್ಯರನ್ನು ಕಂಡು ಇ.ಸಿ.ಜಿ. ಮತ್ತು ಅವರು ಹೇಳಿದ ಇತರ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ನಿತ್ಯದ ಗುಳಿಗೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಬೆಲ್ಲದ ತುಣುಕನ್ನಾಗಲಿ, ಸಕ್ಕರೆಯನ್ನಾಗಲಿ ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು.

ಆಹಾರ, ನೀರು, ಬಿಸಿಲು

ಹತ್ತು ಕಿಲೋಮೀಟರ್ ಓಟಕ್ಕೆ ವಿಶೇಷ ಆಹಾರ ಬೇಕಿಲ್ಲ. ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿಯೇ ಒಂದೂವರೆ ಗಂಟೆಯ ಶ್ರಮಕ್ಕೆ ಸಾಮಾನ್ಯವಾಗಿ ಸಾಲುತ್ತದೆ. ಹಿಂದಿನ ರಾತ್ರಿ ಬೇಗನೆ, ಎಣ್ಣೆಯಲ್ಲಿ ಕರಿದದ್ದಿಲ್ಲದ ರೂಢಿಯ ಊಟ. ಬೆಳಿಗ್ಗೆ ಒಂದು ಬಾಳೆಹಣ್ಣು ಅಥವಾ ಒಂದು ಲೋಟ ರಾಗಿ ಅಂಬಲಿ. ಓಟದ ದಿನ ಹೊಸ ತಿನಿಸು, ಹೊಸ ಬೂಟು ಎರಡೂ ಬೇಡ. "ಶಕ್ತಿಗೆ ಯಾವುದಾದರೂ ಭಸ್ಮ ಕೊಡಿ" ಎಂದು ಕೇಳುವವರಿಗೆ ನಮ್ಮ ಉತ್ತರ ಒಂದೇ: ನಾಲ್ಕು ತಿಂಗಳ ಅಭ್ಯಾಸಕ್ಕೆ ಬದಲಾಗುವ ಚೂರ್ಣ ನಮ್ಮ ಕಪಾಟಿನಲ್ಲಿಲ್ಲ.

ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಕುಡಿಯದಿರುವುದು ಹೇಗೆ ಅಪಾಯವೋ, ದೀರ್ಘ ಓಟಗಳಲ್ಲಿ ಬಾಯಾರಿಕೆಯಿಲ್ಲದೆಯೂ ನೀರನ್ನು ಸುರಿದುಕೊಳ್ಳುವುದು ಹಾಗೆಯೇ ಅಪಾಯ. ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಮಂಕು ಉಂಟಾಗಬಹುದು. ಓಟದ ಬಳಿಕ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆಯ ಪಾನಕ ಉತ್ತಮ. ಏಪ್ರಿಲ್, ಮೇ ತಿಂಗಳ ಓಟಗಳಿಗೆ ದೇಹ ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಓಡುತ್ತಿರುವವರು ತೂರಾಡುತ್ತ, ಅಸಂಬದ್ಧ ಮಾತನಾಡತೊಡಗಿದರೆ ಅದು ಉಷ್ಣಾಘಾತ. ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಈ ಮಾತುಗಳು ಓಟಗಾರರಿಗಷ್ಟೇ ಅಲ್ಲ. ಯುಗಾದಿಗೆ ಮುನ್ನ ನಮ್ಮ ಭಾಗದಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಹಲವರಿಗೆ ಅದರ ಹಿಂದಿನ ದಿನದವರೆಗೂ ನಡೆದ ಅಭ್ಯಾಸವಿರುವುದಿಲ್ಲ. ಭಕ್ತಿ ಕಾಲನ್ನು ನಡೆಸುತ್ತದೆ ನಿಜ. ಆದರೆ ಎರಡು ತಿಂಗಳು ಮೊದಲೇ ನಿತ್ಯ ನಡೆದು, ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ ಸಿದ್ಧರಾದವರ ಪಾದಗಳು ಬೊಬ್ಬೆಯೇಳುವುದು ಕಡಿಮೆ. ದಿನವೂ ಅಂಗಾಲನ್ನು ಪರೀಕ್ಷಿಸಿಕೊಳ್ಳುವುದು ಮಧುಮೇಹಿಗಳಿಗಂತೂ ಕಡ್ಡಾಯ. ಸ್ಪರ್ಶಜ್ಞಾನ ಕುಂದಿದ ಪಾದದವರು ಬರಿಗಾಲಿನಲ್ಲಿ ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಕಳೆದ ಚಳಿಗಾಲದಲ್ಲಿ ನಾವು ಮತ್ತೊಮ್ಮೆ ಹತ್ತು ಕಿಲೋಮೀಟರ್ ಓಡಿದೆವು. ಮೊದಲರ್ಧ 40 ನಿಮಿಷ, ಎರಡನೆಯರ್ಧ 39. ಎಲ್ಲಿಯೂ ಬಾಯಿ ತೆರೆದು ಏದುಸಿರುಬಿಡಲಿಲ್ಲ. ಆ ತಿಂಗಳ ಪರೀಕ್ಷೆಯಲ್ಲಿ ಸಕ್ಕರೆಯ ಅಂಕಿ 5.8ಕ್ಕೆ ಇಳಿದಿತ್ತು. ಕೊನೆಯ ಗೆರೆಯ ಬಳಿ ಮಾಸ್ತರರು ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದರು. "ಈ ಸಲ ಎಷ್ಟು ನಿಮಿಷ ಆತ್ರಿ?" ಎಂದು ಅವರು ಕೇಳುವ ಮೊದಲೇ, "ನಿಮ್ಮ ಎದಿ ಹೆಂಗೈತ್ರಿ ಮಾಸ್ತರ?" ಎಂದು ನಾವು ಕೇಳಿದೆವು. ಓದುಗ ಬಂಧುಗಳೂ ನಾಳೆ ಬೆಳಿಗ್ಗೆ ಎದ್ದು ಹೊರಡಲಿ. ಮೊದಲ ದಿನ ಹತ್ತು ನಿಮಿಷ ನಡೆದರೆ ಸಾಕು. ಉಸಿರು ಬಾಯಿಗೆ ಬಂದಾಗ ವೇಗ ತಗ್ಗಿಸಿ, ಎದೆ ಏನಾದರೂ ಹೇಳಿದಾಗ ನಿಂತುಬಿಡಿ.