ಮನಸ್ಸನ್ನು ಅಳೆಯುವ ಕೋಣೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ದೇಶದಲ್ಲಿ ಇದಕ್ಕೂ ಹಳೆಯದೆಂದರೆ ಕಲ್ಕತ್ತದ ವಿಭಾಗ. ಮೈಸೂರಿನ ವಿಭಾಗವನ್ನು ಕಟ್ಟಿದವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ಯನ್ನು ಕೇಳಿಸಿದವರೂ ಅವರೇ. ಯಾವುದನ್ನೂ ಕೈಯಾರೆ ಮಾಡಿ ನೋಡಬೇಕೆನ್ನುವ ಅವರ ಹಟ ಇವತ್ತಿನ ಬಿ.ಎ. ತರಗತಿಗಳಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಇದೇ ಊರಿನ ಒಂದು ಪದವಿ ಕಾಲೇಜಿನ ಲ್ಯಾಬಿಗೆ ಹೋದೆ.

ಮೊದಲ ಮಹಡಿಯ ಮೂಲೆ ಕೋಣೆ. ಗಾಜಿನ ಬೀರುವಿನಲ್ಲಿ ಮುಲ್ಲರ್–ಲೈಯರ್ ಭ್ರಮೆಯ ಹಲಗೆ, ಮೆಮೊರಿ ಡ್ರಮ್, ಬೆರಳ ಚುರುಕನ್ನು ಅಳೆಯುವ ರಂಧ್ರದ ಫಲಕ, ಸ್ಟಾಪ್‌ವಾಚುಗಳು. ಕಿಟಕಿ ಪಕ್ಕದ ಮೇಜಿನಲ್ಲಿ ಮಿರರ್ ಡ್ರಾಯಿಂಗ್ ನಡೆಯುತ್ತಿತ್ತು. ಲೋಹದ ತಟ್ಟೆಯಲ್ಲಿ ಆರು ಮೂಲೆಯ ನಕ್ಷತ್ರ, ಎದುರಿಗೆ ಕನ್ನಡಿ, ಕೈ ಕಾಣದಂತೆ ಮೇಲೊಂದು ಮರೆ. ಕನ್ನಡಿಯನ್ನಷ್ಟೇ ನೋಡುತ್ತಾ ನಕ್ಷತ್ರದ ಜಾಡಿನಲ್ಲಿ ಕಡ್ಡಿ ಓಡಿಸಬೇಕು. ಗೆರೆ ದಾಟಿದರೆ ತಪ್ಪು ಲೆಕ್ಕಕ್ಕೆ ಸೇರುತ್ತದೆ. ಕೂತಿದ್ದ ಹುಡುಗಿಯ ಕಡ್ಡಿ ಮೊದಲ ತಿರುವಿನಲ್ಲೇ ನಿಂತುಬಿಟ್ಟಿತು. ಮೇಲಕ್ಕೆ ಹೋಗಬೇಕೆಂದರೆ ಕೆಳಕ್ಕೆ ಎಳೆಯುತ್ತಿದ್ದಳು. “ಅಯ್ಯೋ, ಕೈ ಮಾತೇ ಕೇಳ್ತಿಲ್ಲ ಕಣೇ” ಎಂದಳು. ಗೆಳತಿ ಸ್ಟಾಪ್‌ವಾಚ್‌ನಿಂದ ಕಣ್ಣು ತೆಗೆಯಲಿಲ್ಲ.

ಈ ನಕ್ಷತ್ರವನ್ನು ಸಾಮಾನ್ಯ ಎಂದುಕೊಳ್ಳಬೇಡಿ. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದೆ ಹೋದ ಹೆನ್ರಿ ಮೊಲೈಸನ್ ಅವರಿಂದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಇಂಥದೇ ನಕ್ಷತ್ರ ಬರೆಸಿದರು. ಹಿಂದಿನ ದಿನ ಬರೆದದ್ದು ಅವರಿಗೆ ನೆನಪಿರುತ್ತಿರಲಿಲ್ಲ. ಕೈ ಮಾತ್ರ ದಿನದಿಂದ ದಿನಕ್ಕೆ ಪಳಗಿತು. ನೆನಪೆಂಬುದು ಒಂದೇ ಬಗೆಯದಲ್ಲ ಎಂಬುದಕ್ಕೆ 1962ರಲ್ಲಿ ಪ್ರಕಟವಾದ ಆಧಾರ ಅದು.

ಆದರೆ ಎಷ್ಟೋ ಕಡೆ ಪ್ರಾಕ್ಟಿಕಲ್ಸ್ ಎಂದರೆ ರೆಕಾರ್ಡ್ ಬುಕ್ ತುಂಬಿಸುವ ಕೆಲಸ. ಉತ್ತರ ಸೀನಿಯರ್‌ಗಳ ಪುಸ್ತಕದಲ್ಲಿ ಮೊದಲೇ ಇರುತ್ತದೆ, ಅಂಕಿಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಇದರಿಂದ ಮಕ್ಕಳು ಕಲಿಯುವುದು ಸಂಶೋಧನೆಗೆ ತೀರಾ ವಿರುದ್ಧವಾದದ್ದನ್ನು. 2015ರಲ್ಲಿ ವಿಜ್ಞಾನಿಗಳ ದೊಡ್ಡ ತಂಡವೊಂದು ಹೆಸರಾಂತ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮರುಪ್ರಯೋಗಗಳಲ್ಲಿ ಗಟ್ಟಿ ಫಲಿತಾಂಶ ಕೊಟ್ಟದ್ದು ಸುಮಾರು ಶೇ. 36 ಮಾತ್ರ. ಬಂದ ಅಂಕಿಯನ್ನು ಬಂದಂತೆಯೇ ಬರೆಯುವ ಅಭ್ಯಾಸ ಪದವಿಯಲ್ಲೇ ಆಗದಿದ್ದರೆ ಮತ್ತೆಲ್ಲಿ ಆಗಬೇಕು?

ಈ ಲ್ಯಾಬಿನ ಉಪನ್ಯಾಸಕಿ ಪಟ್ಟಿಯಲ್ಲಿರುವ ಪ್ರಯೋಗಗಳು ಮುಗಿದ ಮೇಲೆ ಪ್ರತಿ ಜೋಡಿಗೂ ಒಂದು ಸ್ವಂತ ಪ್ರಶ್ನೆ ಹುಡುಕಿಕೊಳ್ಳಲು ಹೇಳುತ್ತಾರೆ. ಒಂದು ಜೋಡಿ ಸ್ಟ್ರೂಪ್ ಪ್ರಯೋಗವನ್ನು ಆರಿಸಿಕೊಂಡಿತ್ತು. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿದ್ದರೆ ಬಣ್ಣ ಹೇಳಲು ನಾಲಿಗೆ ತಡವರಿಸುತ್ತದೆ. 1935ರಿಂದ ಗೊತ್ತಿರುವ ಸಂಗತಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹೇಳಿದ: “ಮೇಡಂ, ಇಂಗ್ಲಿಷ್ ಪದ ನಂಗೆ ಅಷ್ಟು ಬೇಗ ಕಣ್ಣಿಗೆ ಹತ್ತಲ್ಲ. ಹಾಗಾಗಿ ಇಂಗ್ಲಿಷ್ ಕಾರ್ಡಲ್ಲಿ ನಾನು ಕಡಿಮೆ ತಡವರಿಸಬೇಕು, ಅಲ್ವಾ?”

“ಸರಿ, ಬಣ್ಣದ ಹೆಸರು ಯಾವ ಭಾಷೇಲಿ ಹೇಳ್ತೀಯ?” ಎಂದರು ಮೇಡಂ. ಅವನು ಅದನ್ನು ಯೋಚಿಸಿರಲಿಲ್ಲ. ಕಾರ್ಡು ಇಂಗ್ಲಿಷಿನಲ್ಲಿದ್ದು ಉತ್ತರ ಕನ್ನಡದಲ್ಲಿದ್ದರೆ ಭಾಷೆ ಬದಲಿಸುವ ಶ್ರಮವೂ ಅಳತೆಗೆ ಬೆರೆಯುತ್ತದೆ. ಜೊತೆಗಾರ್ತಿ ಇನ್ನೊಂದು ತೊಡಕು ತೆಗೆದಳು: ‘ನೀಲಿ’ಗೆ ಎರಡು ಅಕ್ಷರ, ‘ಹಳದಿ’ಗೆ ಮೂರು; ಓದುವ ಹೊತ್ತು ಒಂದೇ ಆಗುತ್ತದೆಯೇ? ಬಣ್ಣಗುರುಡು ಇರುವವರನ್ನು ಮೊದಲೇ ಗುರುತಿಸಬೇಕು, ಯಾವ ಕಾರ್ಡು ಮೊದಲೆಂಬುದನ್ನು ಅದಲುಬದಲು ಮಾಡಬೇಕು, ಭಾಗವಹಿಸುವವರಿಂದ ಒಪ್ಪಿಗೆ ಪತ್ರ ಪಡೆಯಬೇಕು, ಅವರ ಹೆಸರಿನ ಬದಲು ಸಂಖ್ಯೆ ಹಾಕಬೇಕು. ಗಂಟೆ ಹೊಡೆದರೂ ಇಬ್ಬರೂ ಎದ್ದಿರಲಿಲ್ಲ. ಖರ್ಚೆಂದರೆ ಕಾರ್ಡ್‌ಶೀಟು, ಬಣ್ಣದ ಪ್ರಿಂಟು, ಅಷ್ಟೆ.

ರಾಜ್ಯದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಸಂಶೋಧನೆಗೆಂದು ಇದ್ದ ವರ್ಷ ಕೈಬಿಟ್ಟಿತೆಂದು ಸಂಶೋಧನೆಯೇ ಕೈಬಿಡಬಾರದು. ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಮನವಿ ಇಷ್ಟೇ: ಕೊನೆಯ ವರ್ಷದ ಪ್ರಾಕ್ಟಿಕಲ್ಸ್‌ನಲ್ಲಿ ಒಂದನ್ನಾದರೂ ವಿದ್ಯಾರ್ಥಿಯ ಸ್ವಂತ ಪ್ರಶ್ನೆಗೆ ಬಿಡಿ, ನಿರೀಕ್ಷಿಸಿದ ಉತ್ತರ ಬರದಿದ್ದರೂ ಅಚ್ಚುಕಟ್ಟಾಗಿ ದಾಖಲಿಸಿದ ಅಂಕಿಗಳಿಗೆ ಪೂರ್ತಿ ಅಂಕ ಕೊಡಿ.