ತಕ್ಕಡಿ ತೋರದ ಕೊಬ್ಬು

ನಮ್ಮ ಮುಷ್ಟಿಯಷ್ಟೇ ಗಾತ್ರದ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತದೆ. ಮೈಯಲ್ಲಿ ಕೊಬ್ಬು ಬೆಳೆದಂತೆಲ್ಲ ಅದರ ದುಡಿಮೆಯೂ ಬೆಳೆಯುತ್ತದೆ. ಇದನ್ನು ಕೇಳಿದೊಡನೆ ನಾವು ತೂಕದ ಯಂತ್ರವನ್ನೇರುವುದು ಸಹಜ. ಆದರೆ ಅದರ ಮುಳ್ಳು ಎಲ್ಲವನ್ನೂ ಹೇಳದು. ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ವೈದ್ಯ ಯುಡ್ಕಿನ್ನರೂ ತಮ್ಮ ಮೈಯನ್ನೇ ಅಳೆಯಿಸಿಕೊಂಡು 2004ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕ ಇಬ್ಬರದೂ ಒಂದೇ. ಕೊಬ್ಬಾದರೋ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2!

ಸಣಕಲಾಗಿ ಕಾಣುವ ಭಾರತೀಯನಲ್ಲಿಯೂ ಕೊಬ್ಬು ಕರುಳುಗಳ ಸುತ್ತ ಅಡಗಿರಬಹುದು. ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಏರಿಸಿ, ಹೃದಯವನ್ನು ಪೋಷಿಸುವ ಧಮನಿಗಳನ್ನು ಕಿರಿದುಗೊಳಿಸುವುದರಲ್ಲಿ ಇದರ ಕೈವಾಡವೇ ಹೆಚ್ಚು. ಆದಕಾರಣ ದಕ್ಷಿಣ ಏಷ್ಯದವರಿಗೆ ಹೊಟ್ಟೆಯ ಸುತ್ತಳತೆಯ ಮಿತಿಯನ್ನು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರೆಂದು ಗೊತ್ತುಮಾಡಿದ್ದಾರೆ. ಅಳೆಯಲು ದರ್ಜಿಯ ಟೇಪೇ ಸಾಕು.