ಕೆಟ್ಟಾಗ ತಿಳಿಯುವ ಬೆಲೆ

೨೦೨೪ರ ಜುಲೈ ೧೯, ಶುಕ್ರವಾರ. ಹಲವು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಕಂಪ್ಯೂಟರ್ ಪರದೆಗಳು ನೀಲಿಯಾಗಿ ನಿಂತುಬಿಟ್ಟವು. ಭಾರತದಲ್ಲೂ ಅನೇಕ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಡಬೇಕಾಯಿತು. ಭದ್ರತಾ ತಂತ್ರಾಂಶ ಒದಗಿಸುವ ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪೆನಿ ಕಳುಹಿಸಿದ ಪುಟ್ಟ ಪರಿಷ್ಕರಣೆಯೊಂದರಲ್ಲಿ ದೋಷವಿತ್ತು. ಅದನ್ನು ೭೮ ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ ಅಷ್ಟರಲ್ಲಿ ಕಾಲ ಮಿಂಚಿತ್ತು. ಮೈಕ್ರೊಸಾಫ್ಟ್ ಅಂದಾಜಿನಂತೆ ತೊಂದರೆಗೀಡಾದ ಯಂತ್ರಗಳು ೮೫ ಲಕ್ಷ. ಎಷ್ಟನ್ನೋ ಸಿಬ್ಬಂದಿ ಒಂದೊಂದಾಗಿ ಸರಿಪಡಿಸಬೇಕಾಯಿತು.

ಹಣವಿದ್ದರೆ ಕಂಪ್ಯೂಟರ್ ಕೊಳ್ಳಬಹುದು. ಅದು ದಿನವೂ ಜನರ ಕೆಲಸಕ್ಕೆ ಒದಗುವಂತೆ ನೋಡಿಕೊಳ್ಳುವುದು ಬೇರೆಯೇ ವಿದ್ಯೆ. ಪ್ರಯಾಣಿಕನಿಗೆ ಬೇಕಾದದ್ದು ಸರ್ವರ್ ಅಲ್ಲ, ಹೊತ್ತಿಗೆ ಸರಿಯಾಗಿ ಸಿಗುವ ಪಾಸು. ಸಂಸ್ಥೆಗೆ ಲಾಭವಾಗುವುದೂ ಅದು ಸಿಕ್ಕಾಗಲೇ. ಈ ದೃಷ್ಟಿಯಿಂದ ಯಂತ್ರಗಳನ್ನು ನಡೆಸುವ ಶಿಸ್ತೇ ಐಟಿ ಸೇವಾ ನಿರ್ವಹಣೆ. ಬ್ರಿಟನ್ ಸರ್ಕಾರದ ಸಂಸ್ಥೆಯೊಂದು ೧೯೮೦ರ ದಶಕದ ಕೊನೆಯಲ್ಲಿ ಇದರ ಪದ್ಧತಿಗಳನ್ನು ಪುಸ್ತಕಗಳಾಗಿ ಹೊರತರಲು ಆರಂಭಿಸಿತು. ‘ಐಟಿಐಎಲ್’ ಹುಟ್ಟಿದ್ದು ಹೀಗೆ.

ಇದರ ತಿರುಳು ಸರಳ. ಕೆಟ್ಟು ನಿಂತದ್ದನ್ನು ಬೇಗ ಮತ್ತೆ ನಡೆಯುವಂತೆ ಮಾಡುವುದು ‘ಇನ್ಸಿಡೆಂಟ್’ ನಿರ್ವಹಣೆ. ಏಕೆ ಕೆಟ್ಟಿತೆಂದು ಬೇರು ಹುಡುಕುವುದು ‘ಪ್ರಾಬ್ಲಂ’ ನಿರ್ವಹಣೆ. ಹೊಸತನ್ನು ಪರೀಕ್ಷಿಸಿ, ಮೊದಲು ಕೆಲವೇ ಯಂತ್ರಗಳಿಗೆ ಹಾಕಿ ನೋಡಿ, ಬಳಿಕ ಉಳಿದವಕ್ಕೆ ಹಾಕುವಂಥ ಎಚ್ಚರ ‘ಚೇಂಜ್’ ನಿರ್ವಹಣೆಗೆ ಸೇರಿದ್ದು. ಆ ಶುಕ್ರವಾರ ಎಡವಿದ್ದು ಇಲ್ಲಿಯೇ. ಮುಂದೆ ಇಂಥ ಪರಿಷ್ಕರಣೆಗಳನ್ನು ಹಂತ ಹಂತವಾಗಿ ಕಳುಹಿಸುವುದಾಗಿ ಕಂಪೆನಿಯೇ ನಂತರ ತಿಳಿಸಿತು. ಯಂತ್ರ ನಿಂತರೂ ಕೆಲಸ ನಿಲ್ಲದಂತೆ ಪರ್ಯಾಯ ವ್ಯವಸ್ಥೆ ಇಟ್ಟುಕೊಳ್ಳುವುದೂ ಈ ಶಿಸ್ತಿನ ಭಾಗ. ಕೈಬರಹದ ಪಾಸು ಹಿಡಿದೇ ಎಷ್ಟೋ ಮಂದಿ ಅಂದು ವಿಮಾನ ಹತ್ತಿದರು.

ಪ್ರೋಗ್ರಾಂ ಬರೆಯುವುದೊಂದೇ ಕಂಪ್ಯೂಟರ್ ಉದ್ಯೋಗವೆಂದು ಅನೇಕ ತಂದೆತಾಯಂದಿರು ತಿಳಿದಿದ್ದಾರೆ. ಸರ್ವಿಸ್ ಡೆಸ್ಕ್‌ನಲ್ಲಿ ಫೋನೆತ್ತುವ ಕೆಲಸವೆಂದರೆ ಮೂಗು ಮುರಿಯುವವರೂ ಉಂಟು. ಆದರೆ ದೂರನ್ನು ತಾಳ್ಮೆಯಿಂದ ಕೇಳಿ, ತಪ್ಪಿಲ್ಲದೆ ಬರೆದುಕೊಂಡು, ಯಾವುದು ಮೊದಲು ಯಾವುದು ನಂತರ ಎಂದು ತೀರ್ಮಾನಿಸಬಲ್ಲವರು ಬೇಡವಾದ ಸಂಸ್ಥೆ ಯಾವುದಿದೆ? ಐಟಿಐಎಲ್‌ನ ಆರಂಭದ ಹಂತವಾದ ಫೌಂಡೇಶನ್ ಪರೀಕ್ಷೆಗೆ ಇಂಥದೇ ಪದವಿ ಬೇಕೆಂಬ ನಿಯಮವಿಲ್ಲ. ಹಾಗೆಂದು ಪ್ರಮಾಣಪತ್ರವೊಂದೇ ಕೆಲಸ ಕೊಡಿಸದು. ಇನ್ನೊಬ್ಬರ ಕೆಲಸ ನಿಂತಾಗ ಅವರ ಅವಸರವನ್ನು ಅರ್ಥಮಾಡಿಕೊಳ್ಳುವ ಗುಣವೂ ಬೇಕು. ಅದನ್ನು ವಿದ್ಯಾರ್ಥಿ ದೆಸೆಯಲ್ಲೇ ರೂಢಿಸಿಕೊಳ್ಳಬಹುದು.